ಕಪಿಲೆಗೆ ಕೊಟ್ಟ ಗೋಗ್ರಾಸ

ಮೊದಲು ನನ್ನ ಉಸಿರೇ ಕೇಳಿಸುತ್ತಿತ್ತು. ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು, ಹಸುವಿನ ಎಡಗಡೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಇರುವ ತಗ್ಗಿನಲ್ಲಿ ಅದರ ಬಿಲ್ಲೆಯನ್ನು ಒತ್ತಿ ಹಿಡಿದು ನಿಂತಿದ್ದೆ. ಏನೂ ಇಲ್ಲ ಕಣೇ ಎಂದೆ. "ತಾಳು. ನಮ್ಮ ಅವಸರಕ್ಕೆ ಬರೋಲ್ಲ ಅದು," ಎಂದಳು ಗೆಳತಿ ನಲಿನಿ. ಆಮೇಲೆ ಬಂತು. ಚಾಮುಂಡಿ ಬೆಟ್ಟದ ಆಚೆ ಎಲ್ಲೋ ಗುಡುಗು ಹೊರಳಿದ ಹಾಗೆ. ದೂರದಲ್ಲಿ ಶುರುವಾಗಿ, ಹತ್ತಿರಕ್ಕೆ ಉರುಳಿ ಬಂದು, ನನ್ನ ಅಂಗೈಯನ್ನು ಒಳಗಿನಿಂದ ಎತ್ತಿ, ಮತ್ತೆ ದೂರ ಹೋಯಿತು. ಮುಕ್ಕಾಲು ನಿಮಿಷ ಸುಮ್ಮನಿದ್ದು ಇನ್ನೊಮ್ಮೆ.

ಎಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಹಸುವಿಗೆ ಅರಿಸಿನ ಕುಂಕುಮ ಹಚ್ಚಿದ್ದೇನೆ, ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೇನೆ, ಗೃಹಪ್ರವೇಶಗಳಲ್ಲಿ ಅದರ ಹಿಂದೆ ನಡೆದಿದ್ದೇನೆ. ಅದರ ಹೊಟ್ಟೆಗೂ ಒಂದು ಸದ್ದಿದೆ ಎಂದು ಗೊತ್ತಾದದ್ದು ಅಮೆರಿಕದಲ್ಲಿ.

ಮೈಸೂರಿಗೆ ಮರಳಿದ ಮೇಲೆ ಟ್ರಿಪ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ವೆದರ್ ಚೆನ್ನಾಗಿತ್ತು, ಮರಗಳೆಲ್ಲ ಕೆಂಪಾಗಿದ್ದವು ಎಂದು ಹೇಳಿ ಮುಗಿಸಿದ್ದೇನೆ. ಸುಳ್ಳೇನಲ್ಲ. ನಮ್ಮ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್, ಮಾಡುವ ಪಾಪ ಒಂದು, ಮಾಡದೆ ಬಿಡುವ ಪಾಪ ಇನ್ನೊಂದು ಎಂದು ನೋಟ್‌ಬುಕ್ಕಿನ ಮಧ್ಯೆ ಗೆರೆ ಎಳೆಸಿ ಎರಡು ಲಿಸ್ಟು ಬರೆಸುತ್ತಿದ್ದರು. ಈ ಪ್ರವಾಸದಲ್ಲಿ ಗೆರೆಯ ಎರಡೂ ಕಡೆ ಬರೆಯುವಂಥದ್ದು ನನ್ನಿಂದ ಆಯಿತು.

ವುಡ್‌ರಿಡ್ಜ್

ಮೊದಲು ಇಳಿದದ್ದು ಷಿಕಾಗೋದಲ್ಲಿ, ತಂಗಿಯ ಮಗಳು ರೂಪಾಳ ಮನೆಯಲ್ಲಿ. ವುಡ್‌ರಿಡ್ಜ್ ಊರೆಂದರೆ ಊರು, ಬಡಾವಣೆಯೆಂದರೆ ಬಡಾವಣೆ. ಎಲ್ಲ ಮನೆಗಳೂ ಒಂದೇ ಅಚ್ಚಿನವು. ವಾಕಿಂಗ್ ಮುಗಿಸಿ ಬರುವಾಗ ಎರಡು ಸಲ ಬೇರೆಯವರ ಗ್ಯಾರೇಜಿನ ಮುಂದೆ ನಿಂತು, ಬಾಗಿಲು ಯಾಕೆ ತೆಗೆಯುತ್ತಿಲ್ಲವೆಂದು ರೂಪಾಳಿಗೆ ಫೋನ್ ಮಾಡಿದ್ದೇನೆ.

ನನಗೊಂದು ಅಭ್ಯಾಸ. ತಟ್ಟೆಗೆ ಬಡಿಸಿಕೊಳ್ಳುವ ಮೊದಲು ಒಂದು ಹಿಡಿ ಅನ್ನ ತೆಗೆದಿಡುವುದು. ಗೋಗ್ರಾಸ, ಹಸುವಿನ ಪಾಲಿನ ತುತ್ತು. ಅಮ್ಮ ಮಾಡುತ್ತಿದ್ದದ್ದು, ಅವಳು ಹೋದ ಮೇಲೆ ನಾನು ಮಾಡುತ್ತೇನೆ. ಮೈಸೂರಿನಲ್ಲಿ ಅದಕ್ಕೇನೂ ಕಷ್ಟವಿಲ್ಲ, ನಮ್ಮ ಬೀದಿಗೆ ಹನ್ನೊಂದರ ಹೊತ್ತಿಗೆ ಒಂದು ಹಸು ಬಂದು ಗೇಟಿಗೆ ಕೊಂಬು ತಾಗಿಸುತ್ತದೆ. ವುಡ್‌ರಿಡ್ಜ್‌ನಲ್ಲಿ ಆ ಹಿಡಿ ಅನ್ನಕ್ಕೆ ಬಾಯಿಯೇ ಇಲ್ಲ. ರೂಪಾಳ ಸಿಂಕಿನ ತೂತಿನೊಳಗೆ ಒಂದು ಯಂತ್ರವಿದೆ. ಉಳಿದದ್ದು ಬಳಿದದ್ದೆಲ್ಲ ಹಾಕಿ ಸ್ವಿಚ್ ಒತ್ತಿದರೆ ಗರ್ರ್ ಎಂದು ಅರೆದು ನುಂಗುತ್ತದೆ. ಅಮ್ಮನನ್ನು ನೆನೆದು ತೆಗೆದ ತುತ್ತನ್ನು ಅದಕ್ಕೆ ಹಾಕಲು ಮನಸ್ಸು ಬರಲಿಲ್ಲ. ಹಿಂದಿನ ಡೆಕ್ಕಿನ ಮೇಲೆ ಇಟ್ಟೆ. ಅಳಿಲುಗಳು ಬಂದವು, ನಮ್ಮ ಅಳಿಲುಗಳ ಮೂರರಷ್ಟು ದಪ್ಪ. ನಾಲ್ಕನೆಯ ದಿನ ಪಕ್ಕದ ಮನೆಯಾಕೆ ಬಂದು, ತುಂಬ ನಗುನಗುತ್ತಾ ರೂಪಾಳಿಗೆ ಏನೋ ಹೇಳಿ ಹೋದರು. ಅಲ್ಲಿಯವರು ನಗದೆ ಕಂಪ್ಲೇಂಟ್ ಹೇಳುವುದಿಲ್ಲ.

"ದೊಡ್ಡಮ್ಮ, ಅಸೋಸಿಯೇಷನ್‌ನಿಂದ ಲೆಟರ್ ಬರತ್ತೆ. ರಕೂನ್ ಗಿಕೂನ್ ಬಂದ್ರೆ ಇನ್ನೂ ಫಜೀತಿ," ಎಂದಳು ರೂಪಾ. ಅವಳ ಮಗಳು ಫೋನಿನಿಂದ ತಲೆಯೆತ್ತದೆ, "ಇಟ್ಸ್ ಲಿಟರಿಂಗ್, ಅಜ್ಜಿ," ಎಂದಿತು.

ಅಂದಿನಿಂದ ಆ ಹಿಡಿ ಅನ್ನವನ್ನು ನಾನೇ ತಿಂದೆ.

ಡೆವನ್ ಅವೆನ್ಯೂ

ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅಮ್ಮ ಹೋದ ದಿನವೂ ಅದೇ. ಲೆಮಾಂಟ್ ದೇವಸ್ಥಾನದಲ್ಲಿ ಏನಾದರೂ ಬುಕ್ ಮಾಡಲಾ ಎಂದು ರೂಪಾ ಕೇಳಿದಳು. ಬೇಡ, ಆ ಹೊತ್ತಿಗೆ ನಾನು ಮಿಷಿಗನ್‌ನಲ್ಲಿ ನಲಿನಿಯ ಜೊತೆ ಇರುತ್ತೇನೆ, ಅವಳ ಹತ್ತಿರ ಹಸುಗಳಿವೆ ಎಂದೆ. ಬೆಲ್ಲ ಮಾತ್ರ ಬೇಕಿತ್ತು. ನಮ್ಮವರ ಅಂಗಡಿಗಳಿರುವ ಡೆವನ್ನಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಅದೇ ಸೀರೆ ಅಂಗಡಿಯನ್ನು ಐದು ಸಲ ನೋಡಿದೆವು; ಐದನೆಯ ಸಲ ಅದರ ಮುಂದೆ ನಿಂತಿದ್ದ ಮುದುಕರು ನಮಗೆ ನಮಸ್ಕಾರ ಹಾಕಿದರು.

ಬೆಲ್ಲವನ್ನು ಅಮ್ಮನ ಡಬ್ಬಿಯಲ್ಲಿ ತುಂಬಿಕೊಂಡೆ. ಮೈಸೂರಿನಿಂದ ಚಟ್ನಿಪುಡಿ ತಂದಿದ್ದ ಸ್ಟೀಲ್ ಡಬ್ಬಿ. ತಳದಲ್ಲಿ ಚುಕ್ಕಿಚುಕ್ಕಿಯಾಗಿ 'ಪದ್ಮಾವತಮ್ಮ' ಎಂದು ಕೆತ್ತಿಸಿದ್ದು. ಆ ಕಾಲದಲ್ಲಿ ಪಾತ್ರೆ ಅಂಗಡಿಯವನೇ ಹೆಸರು ಹಾಕಿಕೊಡುತ್ತಿದ್ದ, ಮದುವೆ ಮುಂಜಿಯಲ್ಲಿ ಅದಲುಬದಲಾಗಬಾರದೆಂದು. ನಲಿನಿಗೆ ತಾಯಿ ಇರಲಿಲ್ಲ. ಆರನೆಯ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿ ತನಕ ಇದೇ ಡಬ್ಬಿಯಲ್ಲಿ ಅಮ್ಮ ನಮ್ಮಿಬ್ಬರಿಗೂ ಸೇರಿಸಿ ಪುಳಿಯೋಗರೆ, ಮೊಸರನ್ನ ಕಳಿಸುತ್ತಿದ್ದಳು. ಮುಚ್ಚಳದಲ್ಲಿ ನಲಿನಿ ತಿನ್ನುತ್ತಿದ್ದಳು, ಡಬ್ಬಿಯಲ್ಲಿ ನಾನು.

ರೈಲು

ಷಿಕಾಗೋದಿಂದ ಆನ್ ಆರ್ಬರ್‌ಗೆ ರೈಲಿನಲ್ಲಿ ಹೋದೆ. ಗಂಟೆಗಟ್ಟಲೆ ಮುಸುಕಿನ ಜೋಳದ ಹೊಲ. ಒಣಗಿ, ಕಾಗದದ ಬಣ್ಣಕ್ಕೆ ತಿರುಗಿ ನಿಂತಿತ್ತು. ನಮ್ಮಲ್ಲಿ ರೈಲಿನ ಕಿಟಕಿಯಿಂದ ಹೊಲ ಕಂಡರೆ ಅದರೊಳಗೆ ಯಾರಾದರೂ ಬಗ್ಗಿರುತ್ತಾರೆ, ಮರದ ಕೆಳಗೆ ಒಂದು ಬುತ್ತಿ ಇರುತ್ತದೆ. ಇಲ್ಲಿ ಮೈಲಿಗಟ್ಟಲೆ ಬೆಳೆ, ಒಬ್ಬ ಮನುಷ್ಯನಿಲ್ಲ. ಇಷ್ಟೊಂದು ಜೋಳ ಯಾರು ತಿನ್ನುತ್ತಾರೆ ಎಂದು ಟಿಕೆಟ್ ನೋಡಲು ಬಂದವನನ್ನು ಕೇಳಿದೆ. ಬಹುಪಾಲು ಹಸುಗಳೇ ಮ್ಯಾಮ್ ಎಂದು ಹೇಳಿ ಮುಂದೆ ಹೋದ.

ರೈಲು ಒಂದು ಗಂಟೆ ತಡ ಎಂದು ಗೊಣಗಿಕೊಂಡೇ ಇಳಿದೆ. ತಡವಾಗಿರಲಿಲ್ಲ. ಮಿಷಿಗನ್‌ನಲ್ಲಿ ಗಡಿಯಾರವೇ ಒಂದು ಗಂಟೆ ಮುಂದೆ. ಪ್ಲಾಟ್‌ಫಾರ್ಮಿನಲ್ಲಿ ಗಂಡಸರ ಜಾಕೆಟ್ ಹಾಕಿಕೊಂಡು, ಬಿಳಿ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದ ಒಬ್ಬಳು ಗಿಡ್ಡ ಹೆಂಗಸು ನಿಂತಿದ್ದಳು. "ವಾಚ್ ಸರಿ ಮಾಡ್ಕೋ ಮೊದಲು. ಆಮೇಲೆ ಅಳೋಣ," ಎಂದಳು.

ಕ್ಯಾಂಟನ್

ನಲಿನಿಯ ಮನೆ ಇರುವುದು ಡೆಟ್ರಾಯ್ಟಿನ ಹೊರಗೆ, ಕ್ಯಾಂಟನ್‌ನಲ್ಲಿ. ಮೊದಲ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಫ್ಲಾಸ್ಕ್ ಇತ್ತು. ಕಾಫಿ ಮಾಡಿಟ್ಟಿದ್ದಾಳೆ ಪಾಪ ಎಂದುಕೊಂಡು ಲೋಟಕ್ಕೆ ಬಗ್ಗಿಸಿದೆ. ಹಸಿರು ನೀರು, ಹುಲ್ಲಿನ ಸಿಪ್ಪೆ, ಕೊಟ್ಟಿಗೆಯ ಬಿಸಿ ವಾಸನೆ. ನಲಿನಿ ಓಡಿಬಂದು ಲೋಟ ಕಿತ್ತುಕೊಂಡಳು. ಅದು ಕಪಿಲೆ ಎಂಬ ಹಸುವಿನ ಹೊಟ್ಟೆಯಿಂದ ಹಿಂದಿನ ಸಂಜೆ ಟ್ಯೂಬ್ ಹಾಕಿ ತೆಗೆದದ್ದು. ಬೆಚ್ಚಗಿಲ್ಲದಿದ್ದರೆ ಒಳಗಿನ ಜೀವಗಳು ಸಾಯುತ್ತವೆ, ಅದಕ್ಕೆ ಫ್ಲಾಸ್ಕು.

"ಚೆಲ್ಲಬೇಡ, ಬಾ ತೋರಿಸ್ತೀನಿ," ಎಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಒಂದೇ ಹನಿ. ಅದರೊಳಗೆ ಮೊಟ್ಟೆಯಾಕಾರದ, ಅಂಚಿಗೆಲ್ಲ ಕೂದಲಿರುವ ನೂರಾರು ಜೀವಗಳು ಸುತ್ತುತ್ತಾ, ಒಂದನ್ನೊಂದು ಗುದ್ದುತ್ತಾ ಓಡಾಡುತ್ತಿದ್ದವು. ದಸರಾ ದಿನದ ದೇವರಾಜ ಮಾರ್ಕೆಟ್ಟು.

ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಅವಳ ಕ್ಲಾಸಿಗೆ ಇಬ್ಬರೇ ಹುಡುಗಿಯರು. ಅಲ್ಲಿಂದ ಮಿಷಿಗನ್‌ಗೆ ಬಂದು, ಪಿಎಚ್‌ಡಿ ಮಾಡಿ, ದನದ ಮೇವಿಗೆ ಏನನ್ನು ಎಷ್ಟು ಬೆರೆಸಿದರೆ ಅದರ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನೋಡುವುದರಲ್ಲೇ ಇಡೀ ಆಯುಸ್ಸು ಕಳೆದಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂತ ಆ ಅರ್ಧ ಗಂಟೆಯಲ್ಲಿ ಅವಳು ನನಗೆ ಹೇಳಿಕೊಟ್ಟದ್ದನ್ನು ಇಂದಿಗೂ ಮರೆತಿಲ್ಲ.

"ಹಸು ತಿನ್ನೋದು ತನಗಲ್ಲ ಮಾಲೂ, ಇವಕ್ಕೆ. ಇವು ತಿಂದು ಬಿಟ್ಟಿದ್ದರಲ್ಲಿ ಅದು ಬದುಕತ್ತೆ. ಹುಲ್ಲು ಹಾಕಿದ್ರೆ ನಿಧಾನವಾಗಿ ಹುದುಗತ್ತೆ. ಜೋಳದ ಹುಡಿ, ಅನ್ನ, ಬೆಲ್ಲ ಜಾಸ್ತಿ ಬಿತ್ತು ಅನ್ನು, ಮೇ ತಿಂಗಳಲ್ಲಿ ಇಡ್ಲಿ ಹಿಟ್ಟನ್ನ ಎರಡು ದಿನ ಆಚೆ ಇಟ್ಟ ಹಾಗೆ. ಹುಳಿ ಉಕ್ಕತ್ತೆ. ಇವೆಲ್ಲ ಅದರಲ್ಲೇ ಸತ್ತುಹೋಗತ್ವೆ. ಇವು ಸತ್ರೆ ಹಸುವೂ ಅಷ್ಟೇ."

ಅದಕ್ಕೇ ಮೇವಿಗೆ ಒಂದಿಷ್ಟು ಅಡುಗೆ ಸೋಡಾ, ಹುಳಿ ತಡೆಯಲು. ಜೊತೆಗೆ ಇನ್ನೊಂದು ಕಂದು ಪುಡಿ, ಹುಳಿ ಮಾಡುವ ಜಾತಿಯನ್ನು ಹದ್ದುಬಸ್ತಿನಲ್ಲಿಡಲು. ಅದಕ್ಕೊಂದು ಉದ್ದ ಹೆಸರಿದೆ, ನನ್ನ ನಾಲಗೆಗೆ ತಿರುಗಲಿಲ್ಲ. ಪುಡಿ ಎಂದೇ ಬರೆಯುತ್ತೇನೆ.

ಕೊಟ್ಟಿಗೆ

ಅಲ್ಲಿಂದ ಇಪ್ಪತ್ತೈದು ಮೈಲಿ ದೂರದ ಹಳೆಯ ಡೈರಿಯೊಂದರಲ್ಲಿ ನಮ್ಮವರು ಹಲವು ಕುಟುಂಬ ಸೇರಿ ನಾಲ್ಕು ಹಸು ಸಾಕಿದ್ದಾರೆ. ಹಾಲು ಬತ್ತಿ ಕಟುಕರ ಪಾಲಾಗಲಿದ್ದವನ್ನು ತಂದದ್ದು; ನೋಡಿಕೊಳ್ಳುವವಳು ನಲಿನಿ. ಜಾಗದ ಯಜಮಾನ ವಾಲ್ಟ್ ಎಂಬ ಮುದುಕ, ಪಕ್ಕದಲ್ಲೇ ಮನೆ. ಪಿಕಪ್ ಓಡಿಸುತ್ತಾ ಎದುರಾದರೆ ಸ್ಟಿಯರಿಂಗಿನಿಂದ ಕೈ ತೆಗೆಯದೆ ಎರಡು ಬೆರಳು ಮಾತ್ರ ಎತ್ತುತ್ತಾನೆ. ಅದೇ ನಮಸ್ಕಾರ, ಅದೇ ಹೋಗಿಬರ್ತೀನಿ. ಆ ಊರಿನಲ್ಲಿದ್ದು ನಲಿನಿಗೂ ಅದೇ ಚಾಳಿಯಾಗಿತ್ತು.

ಕಪಿಲೆ ಕಂದು ಬಣ್ಣದ ಮುದಿ ಜೆರ್ಸಿ. ಹಿಂಗಾಲು ಸ್ವಲ್ಪ ಕುಂಟು. ಬೇರೆ ಮೂರು ಕಟಕಟೆಯೊಳಗಿದ್ದರೆ ಇವಳೊಬ್ಬಳು ಕೊಟ್ಟಿಗೆಯಲ್ಲೆಲ್ಲ ಬಿಡುಬೀಸಾಗಿ ಓಡಾಡಿಕೊಂಡಿದ್ದಳು. ಮೊದಲ ದಿನವೇ ನನ್ನ ಕೋಟಿನ ಜೇಬಿಗೆ ಮೂತಿ ತೂರಿಸಿ ಕರ್ಚೀಫ್ ಎಳೆದು ಚಪ್ಪರಿಸಿದಳು. ಆಗಲೇ ನಲಿನಿ ಸ್ಟೆತಸ್ಕೋಪ್ ಕೊಟ್ಟು ನನಗೆ ಆ ಗುಡುಗು ಕೇಳಿಸಿದ್ದು.

ವೀಕೆಂಡಿಗೆ ಮಿನಿವ್ಯಾನುಗಳಲ್ಲಿ ಜನ ಬರುತ್ತಾರೆ. ಬಾಳೆಹಣ್ಣು, ಚಪಾತಿ, ಬರ್ತ್‌ಡೇಯಲ್ಲಿ ಮಿಕ್ಕ ಕೇಸರಿಬಾತು. ಏನನ್ನೂ ತಿನ್ನಿಸಬೇಡಿ ಎಂದು ನಲಿನಿ ಎರಡು ಭಾಷೆಯಲ್ಲಿ ಬೋರ್ಡು ಬರೆಸಿದ್ದಳು. ಬೋರ್ಡಿಗೇ ಕುಂಕುಮ ಹಚ್ಚಿ ಒಳಗೆ ಹೋಗುತ್ತಿದ್ದರಂತೆ. "ಈ ಪುಡಿ ಹಸುವಿನ ಕಾಯಿಲೆಗಲ್ಲ ಮಾಲೂ, ಇವರ ಭಕ್ತಿಗೆ," ಎಂದಳು.

ಆ ಪುಡಿಯ ಮೇಲೇ ಒಂದು ಜಗಳ ಹೊಗೆಯಾಡುತ್ತಿತ್ತು. ಕುದುರೆಗಳಿಗೆ ತಿನ್ನಿಸಬಾರದು, ಪ್ರಾಣಾಪಾಯ ಎಂದು ಚೀಲದ ಮೇಲೆ ಅಚ್ಚಾಗಿತ್ತು. ಯಾರೋ ಅದರ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ, ಕುದುರೆಯನ್ನೇ ಕೊಲ್ಲುವುದು ಗೋಮಾತೆಯ ಹೊಟ್ಟೆಗೆ ಯಾಕೆ ಎಂದು ಕೇಳಿದ್ದರು. ಕುದುರೆಯ ಹೊಟ್ಟೆ ಬೇರೆ, ಹಸುವಿನದು ಬೇರೆ ಎಂದು ನಲಿನಿ ಉದ್ದಕ್ಕೆ ಬರೆದ ಉತ್ತರಕ್ಕೆ ಮೂರು ಜನ ಕೈಮುಗಿದ ಚಿತ್ರ ಒತ್ತಿದರು, ಅಷ್ಟೇ. ಇನ್ನೊಂದು ಎಡವಟ್ಟಾದರೆ ಇವರು ನನ್ನಿಂದ ಕೊಟ್ಟಿಗೆಯ ಕೀ ಇಸಕೊಳ್ಳುತ್ತಾರೆ ಎಂದು ಕಾರಿನಲ್ಲಿ ಹೇಳಿದಳು. ಆ ನಾಲ್ಕು ಹಸು ಬಿಟ್ಟರೆ ಅವಳಿಗೆ ಬೆಳಿಗ್ಗೆ ಎದ್ದು ಹೋಗಲು ಬೇರೆ ಜಾಗ ಇರಲಿಲ್ಲ.

ಅಮಾವಾಸ್ಯೆ

ಆ ದಿನ ಬೆಳಿಗ್ಗೆ ಅನ್ನ ಮಾಡಿ, ಬೆಲ್ಲ ಕಲಸಿ, ಅಮ್ಮನ ಡಬ್ಬಿಗೆ ತುಂಬಿದೆ. ನಲಿನಿ ಡಬ್ಬಿಯನ್ನು ತಿರುಗಿಸಿ ತಳದ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು. ಆದರೂ ಬೇಡ ಎಂದಳು. "ಅಮ್ಮನ್ನ ನೆನೆಸಿಕೊಂಡು ಒಂದು ಹಿಡಿ ಹುಲ್ಲು ಕೊಡು. ನಾನೇ ರೂಲ್ ಮುರಿದ್ರೆ ಆಮೇಲೆ ಯಾರಿಗೆ ಹೇಳಲಿ?"

ನನಗೆ ಸಿಟ್ಟು ಬಂತು. ಅಮ್ಮನ ಕೈಯೂಟ ಉಂಡವಳು ಹೀಗೆನ್ನಬಹುದೇ ಎಂದು ಒಳಗೊಳಗೇ ಕುದ್ದೆ. ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಟೆ.

ಸಂಜೆ ಐದರ ಸುಮಾರಿಗೆ ನಲಿನಿ ಬೇಲಿಯ ಹತ್ತಿರ ವಾಲ್ಟ್ ಜೊತೆ ಮಾತಾಡುತ್ತಿದ್ದಳು. ಕೊಟ್ಟಿಗೆಯಲ್ಲಿ ನಾನೂ ಕಪಿಲೆಯೂ ಇಬ್ಬರೇ. ಮುಚ್ಚಳ ತೆಗೆದೆ. ಅವಳು ಎರಡೇ ತುತ್ತಿಗೆ ಎಲ್ಲ ಮುಗಿಸಿ, ನನ್ನ ಅಂಗೈಯ ಗೆರೆಗಳನ್ನೆಲ್ಲ ನೆಕ್ಕಿ, ಮುಖ ನೋಡಿದಳು. ಒರಟು ನಾಲಗೆ, ಬಿಸಿ ಉಸಿರು. ಒಂದು ತಿಂಗಳಿಂದ ಬಾಯಿ ಸಿಗದೆ ಅಲೆಯುತ್ತಿದ್ದ ತುತ್ತು ಕೊನೆಗೂ ಮುಟ್ಟಬೇಕಾದಲ್ಲಿ ಮುಟ್ಟಿತು ಅನ್ನಿಸಿ ಕಣ್ಣು ತುಂಬಿತು. ಇನ್ನೂ ಕೊಡೋಣ ಅನ್ನಿಸಿತು. ಪಕ್ಕದಲ್ಲೇ ಮೇವಿನ ಕೋಣೆ. ಬಾಗಿಲು ತೆಗೆದು ಜೋಳದ ಹುಡಿಯ ಡ್ರಮ್ಮಿನಿಂದ ಡಬ್ಬಿ ತುಂಬ ತಂದು ಹಾಕಿದೆ. ಎರಡು ಸಲ. ಮೂರನೆಯದಕ್ಕೆ ಹೋದಾಗ ಕಾರಿನ ಹಾರ್ನ್ ಕೇಳಿಸಿತು. ನಲಿನಿ ನನ್ನನ್ನು ಕರೆಯುತ್ತಿದ್ದಳು.

ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಡಬ್ಬಿಯನ್ನು ಡ್ರಮ್ಮಿನೊಳಗೇ ಬಿಟ್ಟು, ಬಾಗಿಲೆಳೆದು ಓಡಿದೆ. ಆ ಬಾಗಿಲಿನ ಚಿಲಕ ನಮ್ಮಲ್ಲಿಯ ಥರ ಅಡ್ಡ ಸರಿಸುವಂಥದ್ದಲ್ಲ. ಟಕ್ ಎನ್ನುವವರೆಗೆ ಒತ್ತಬೇಕು. ನಲಿನಿ ಮೊದಲ ದಿನವೇ ತೋರಿಸಿದ್ದಳು. ನಾನು ಒತ್ತಿದೆ. ಟಕ್ ಎಂದಿತೇ? ನೆನಪಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನೆನಪಿದೆ. ಅನ್ನಲಿಲ್ಲ.

ಮನೆಗೆ ಬಂದು ಕೋಟು ಬಿಚ್ಚಿದಾಗ ಜೇಬಿನಲ್ಲಿ ಡಬ್ಬಿಯ ಮುಚ್ಚಳ ಸಿಕ್ಕಿತು. ನಾಳೆ ಹೋದಾಗ ಡಬ್ಬಿ ತಂದುಬಿಟ್ಟರಾಯಿತು, ನಲಿನಿಗೆ ತಿಳಿಯುವುದೇ ಇಲ್ಲ ಎಂದುಕೊಂಡು ನಿದ್ದೆ ಮಾಡಿದೆ. ಚೆನ್ನಾಗಿಯೇ ನಿದ್ದೆ ಬಂತು.

ಮರುದಿನ

ಆರೂವರೆಗೆ ವಾಲ್ಟ್ ಫೋನ್ ಮಾಡಿದ. ನಾವು ಹೋಗುವ ಹೊತ್ತಿಗೆ ಕಪಿಲೆ ನೆಲ ಹಿಡಿದಿದ್ದಳು. ಕುತ್ತಿಗೆ ಹಿಂದಕ್ಕೆ ತಿರುಗಿ ತನ್ನದೇ ಪಕ್ಕೆಯ ಮೇಲೆ ಇತ್ತು. ಕಣ್ಣು ಗುಳಿ ಬಿದ್ದಿದ್ದವು. ಹಿಂದೆ ಬೂದು ಬಣ್ಣದ ನೊರೆನೊರೆ ಸಗಣಿ. ಬಾಗಿಲಲ್ಲೇ ಹುಳಿ ವಾಸನೆ ಹೊಡೆಯಿತು, ಕೆಟ್ಟುಹೋದ ಇಡ್ಲಿ ಹಿಟ್ಟಿನದೇ ವಾಸನೆ.

ಮೇವಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ನಲಿನಿ ಒಬ್ಬಳೇ ಒಳಗೆ ಹೋದಳು. ಒಂದೆರಡು ನಿಮಿಷ ಅಲ್ಲೇ ಇದ್ದಳು. ಹೊರಗೆ ಬಂದವಳು ನನ್ನ ಕಡೆ ನೋಡದೆ, "ಅರ್ಧ ಡ್ರಮ್ ಖಾಲಿ," ಎಂದಳು. ಅವಳು ಕಾರಿಗೆ ಟ್ಯೂಬ್ ತರಲು ಹೋದಾಗ ನಾನು ಓಡಿಹೋಗಿ ಡ್ರಮ್ಮಿನಲ್ಲಿ ಕೈಯಾಡಿಸಿದೆ. ಡಬ್ಬಿ ಇರಲಿಲ್ಲ. ನೆಲದಲ್ಲೂ ಇರಲಿಲ್ಲ. ಹಸು ಒದ್ದು ಎಲ್ಲೋ ಉರುಳಿರಬೇಕು ಎಂದುಕೊಂಡೆ. ಹಾಗೆಂದುಕೊಂಡಾಗ ಸಮಾಧಾನವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ.

ಟ್ಯೂಬ್ ಹಾಕಿ ಸೋಡಾ ನೀರು ಇಳಿಸಿದಳು, ಇನ್ನೇನೋ ಬಿಳಿ ಔಷಧ ಇಳಿಸಿದಳು. ಹೊರಗೆ ಬಂದ ನೀರಿನಲ್ಲಿ ಪರೀಕ್ಷೆಯ ಕಾಗದ ಅದ್ದಿ, ಬಣ್ಣ ನೋಡಿ, ಮಡಿಸಿ ಜೇಬಿಗೆ ಹಾಕಿಕೊಂಡಳು. ಊರಿನ ವೆಟ್ ಬಂದ, ಹರೆಯದವ, ಮೊಣಕೈ ತನಕ ಕೆಸರು. ಹೊಟ್ಟೆ ಕೊಯ್ದು ತೆಗೆಯುವ ಹಂತ ದಾಟಿದೆ, ನೋವಿಲ್ಲದ ಹಾಗೆ ಕಳಿಸಿಕೊಡೋಣ ಎಂದು ಮೆತ್ತಗೆ ಹೇಳಿ ಸಿರಿಂಜ್ ತೆಗೆದ. ನಲಿನಿ ಹಸು ಸಾಕಿದ್ದ ಕುಟುಂಬಗಳ ಕಮಿಟಿಯ ಹಿರಿಯರಾದ ಪಾಟೀಲ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಹುಬ್ಬಳ್ಳಿ ಕಡೆಯವರು, ಹಾರ್ಟ್ ಸ್ಪೆಷಲಿಸ್ಟಾಗಿ ರಿಟೈರ್ ಆದವರು.

"ಇಂಜೆಕ್ಷನ್ ಬ್ಯಾಡ್ರಿ ಮೇಡಂ. ಆ ಪಾಪ ನಮಗ ಬ್ಯಾಡ. ತಾನಽ ಹೋಗ್ಲಿ," ಎಂದರು. ಅವರ ದನಿ ನಡುಗುತ್ತಿತ್ತು. ಕೆಟ್ಟ ಮನುಷ್ಯರಲ್ಲ ಅವರು.

ಬೇಡವಂತೆ ಎಂದು ನಲಿನಿ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ವೆಟ್ ನಮ್ಮಿಬ್ಬರ ಮುಖವನ್ನೂ ನೋಡಿದ. ಸಿರಿಂಜನ್ನು ಡಬ್ಬದೊಳಗಿಟ್ಟು ಹೊರಟುಹೋದ. ತಾನಾಗಿ ಹೋಗಲು ಕಪಿಲೆಗೆ ಮಧ್ಯಾಹ್ನ ಮೂರರ ತನಕ ಹಿಡಿಯಿತು. ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ಹಸು ಹಲ್ಲು ಕಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಅದು ನೋವಿಗೆ ಎಂದಳು ನಲಿನಿ. ವಾಲ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ. ನಡುವೆ ಒಮ್ಮೆ ನಲಿನಿ ಸ್ಟೆತಸ್ಕೋಪನ್ನು ನನ್ನ ಕಡೆ ಚಾಚಿದಳು. ಅದೇ ಜಾಗದಲ್ಲಿ ಇಟ್ಟೆ. ಒಂದು ನಿಮಿಷ, ಎರಡು ನಿಮಿಷ. ಅರ್ಧ ತುಂಬಿದ ಕೊಡ ಅಲುಗಿದ ಹಾಗೆ ನೀರು ತುಳುಕಿತು. ಗುಡುಗಲಿಲ್ಲ.

ಆ ಸಂಜೆ ಮನೆಯಲ್ಲಿ ಅವಳು ಮೈಕ್ರೋಸ್ಕೋಪ್ ನೋಡಿ ಎದ್ದುಹೋದ ಮೇಲೆ ನಾನೂ ನೋಡಿದೆ. ಮಾರ್ಕೆಟ್ಟಿನಲ್ಲಿ ಒಂದೂ ಅಲುಗುತ್ತಿರಲಿಲ್ಲ.

ನೋವೈ

ಭಾನುವಾರ ನೋವೈ ಎಂಬ ಊರಿನಲ್ಲಿ, ಪಾಟೀಲರ ಮನೆಯ ಬೇಸ್‌ಮೆಂಟಿನಲ್ಲಿ ಮೀಟಿಂಗು. ಅಮೆರಿಕದಲ್ಲಿ ನಮ್ಮವರ ಎಲ್ಲ ಮುಖ್ಯ ಮಾತೂ ನೆಲದ ಕೆಳಗೆ ನಡೆಯುತ್ತದೆ. ಬಾಗಿಲಲ್ಲಿ ಶೂಗಳ ರಾಶಿ, ಟೇಬಲಿನ ಮೇಲೆ ಉಪ್ಪಿಟ್ಟು, ಕಾಫಿ, ಗೋಡೆಗೆ ದೊಡ್ಡ ಟಿವಿ. ಟಿವಿಯ ಮೇಲೆ ಯಾರೋ ಆ ಚೀಲದ ಫೋಟೋ ಹಾಕಿದ್ದರು. ಕುದುರೆ ಎಂಬ ಅಕ್ಷರಗಳು ಒಂದೊಂದೂ ಒಂದಡಿ ಎತ್ತರ.

ಪಾಟೀಲರು ತಗ್ಗಿದ ದನಿಯಲ್ಲೇ ಶುರು ಮಾಡಿದರು. "ಮೇಡಂ, ನಿಮ್ಮ ಮ್ಯಾಲ ನಮಗ ಭಾಳ ಗೌರವ ಐತಿ. ಆದ್ರ ಚೀಲದ ಮ್ಯಾಲ ಬರದದ್ದು ನಮಗೂ ಓದಾಕ ಬರ್ತದ."

ನಲಿನಿ ವಿವರಿಸಿದಳು. ಪುಡಿಯಿಂದಲ್ಲ, ಒಂದೇ ರಾತ್ರಿ ತಿಂದ ಜೋಳದಿಂದ. ಹುಳಿಯ ಲೆಕ್ಕ ಹೇಳಿದಳು, ವೆಟ್ ಬರೆದುಕೊಟ್ಟ ಕಾಗದ ತೋರಿಸಿದಳು. ಕಾಗದ ಕೈಯಿಂದ ಕೈಗೆ ಹೋಗಿ ಉಪ್ಪಿಟ್ಟಿನ ಪಾತ್ರೆಯ ಪಕ್ಕ ನಿಂತಿತು. ಮೈಸೂರಿನ ಕಡೆಯ ಒಬ್ಬ ಎಂಜಿನಿಯರ್ ಹುಡುಗ, ಸರಿ ಆಂಟಿ, ಜೋಳದಿಂದಲೇ ಅಂತಿಟ್ಕೊಳ್ಳೋಣ, ಬಾಗಿಲು ತೆರೆದದ್ದು ಹೇಗೆ, ಕೊಟ್ಟಿಗೆಯ ಕೀ ಇರೋದು ನಿಮ್ಮ ಹತ್ತಿರ ಅಲ್ವಾ ಎಂದ. ನ್ಯಾಯವಾದ ಪ್ರಶ್ನೆ.

ನನ್ನ ಹ್ಯಾಂಡ್‌ಬ್ಯಾಗು ಮಡಿಲಲ್ಲಿತ್ತು. ಮುಚ್ಚಳ ಅದರೊಳಗಿತ್ತು. ಬಟ್ಟೆಯ ಮೇಲಿನಿಂದಲೇ ಅದರ ಅಂಚು ಬೆರಳಿಗೆ ಸಿಗುತ್ತಿತ್ತು. ನಾನು ಎದ್ದು ನಿಂತು, ಅದು ನಾನು, ಎನ್ನಬೇಕಿತ್ತು. ಎರಡೇ ಶಬ್ದ. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡವಳು ನಾನು.

ನಲಿನಿ ಕಾಫಿ ಲೋಟದೊಳಗೆ ನೋಡುತ್ತಾ ಹೇಳಿದಳು. "ಚಿಲಕ ನಾನೇ ಸರಿಯಾಗಿ ಒತ್ತಿರಲಿಲ್ಲ ಅಂತ ಕಾಣತ್ತೆ. ವಯಸ್ಸಾಯ್ತು ನೋಡಿ."

ಪಾಟೀಲರ ಹೆಂಡತಿ ನನ್ನ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಹಾಕಿ, ತಿನ್ರಿ, ನೀವು ಏನೂ ತಗೊಂಡಽ ಇಲ್ಲ ಎಂದರು. ನಾನು ತಿಂದೆ. ಕೀ ಗೊಂಚಲು ಟೇಬಲಿನ ಮೇಲೆ ಬಂತು. ಇನ್ನ ಮ್ಯಾಲ ನೀವು ಆರಾಮ ತಗೋರಿ ಎಂದು ಪಾಟೀಲರು ಕೈಮುಗಿದರು. ಉಳಿದ ಮೂರು ಹಸುಗಳಿಗೆ ಪುಡಿ ನಿಲ್ಲಿಸಬೇಕೆಂದೂ, ಬಾಳೆಹಣ್ಣಿಗೆ ಅಡ್ಡಿಯಿಲ್ಲವೆಂದೂ ತೀರ್ಮಾನವಾಯಿತು.

ವಾಪಸು ಬರುವಾಗ ನಲಿನಿ ಎರಡು ಸಲ ಎಕ್ಸಿಟ್ ತಪ್ಪಿಸಿದಳು. ಇಬ್ಬರೂ ಎಕ್ಸಿಟ್ಟಿನ ಬಗ್ಗೆಯೇ ಮಾತಾಡಿದೆವು.

ಆನ್ ಆರ್ಬರ್

ನಾನು ಮೈಸೂರು ಸೇರಿದ ಮೇಲೆ ಅವಳು ನಾಲ್ಕೈದು ಸಲ ಫೋನ್ ಮಾಡಿದಳು. ಹಿಮ ಬಿತ್ತು, ಮಂಡಿ ನೋಯುತ್ತದೆ, ವಾಲ್ಟ್ ಕ್ರಿಸ್‌ಮಸ್‌ಗೆ ಚೀಸ್ ಕಳಿಸಿದ. ಕೊಟ್ಟಿಗೆಗೆ ಹೋಗಿದ್ದೆಯಾ ಎಂದು ನಾನು ಕೇಳಲಿಲ್ಲ. ಹಿಮ ಕರಗುವ ಮೊದಲು, ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ ಕುಸಿದು ಹೋದಳಂತೆ. ರೂಪಾ ತಿಳಿಸಿದಳು. ಕಮಿಟಿಯ ಗ್ರೂಪಿನಲ್ಲಿ ಓಂ ಶಾಂತಿ ಎಂದು ತುಂಬ ಜನ ಹಾಕಿದ್ದರಂತೆ. ಕಪಿಲೆಯ ಸಾವು ಅಲ್ಲಿ ಇವತ್ತಿಗೂ ಅವಳ ಹೆಸರಿನಲ್ಲೇ ಇದೆ. ಅವರಲ್ಲಿ ಯಾರಾದರೂ ಕನ್ನಡ ಪತ್ರಿಕೆ ಓದುವವರಿದ್ದರೆ, ಅದನ್ನು ದಯವಿಟ್ಟು ನನ್ನ ಹೆಸರಿಗೆ ಬದಲಾಯಿಸಿಕೊಳ್ಳಲಿ.

ಅವಳನ್ನು ಕೊನೆಯ ಸಲ ಕಂಡದ್ದು ಆನ್ ಆರ್ಬರ್ ಸ್ಟೇಷನ್ನಿನಲ್ಲಿ. ಬೆಳಿಗ್ಗೆ, ತೆಳು ಬಿಸಿಲು. ರೈಲು ಬಂದು ನಿಂತು, ಟಿಕೆಟ್ ನೋಡುವವನು ಕೆಳಗಿಳಿದು ಹತ್ತಲು ಒಂದು ಹಳದಿ ಸ್ಟೂಲು ಇಟ್ಟ. ನನ್ನ ಪೆಟ್ಟಿಗೆಯನ್ನು ಮೇಲೆ ಸೇರಿಸಿದ ಮೇಲೆ ನಲಿನಿ ತನ್ನ ಜಾಕೆಟ್ಟಿನೊಳಗಿಂದ ಬಟ್ಟೆ ಚೀಲವೊಂದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಭಾರದಿಂದಲೇ ನನಗೆ ಗೊತ್ತಾಯಿತು.

"ಡ್ರಮ್ಮಿನಲ್ಲಿತ್ತು, ಅವತ್ತು ಬೆಳಿಗ್ಗೆನೇ ಸಿಕ್ತು," ಎಂದಳು. "ತೊಳೆದಿದೀನಿ. ಮುಚ್ಚಳ ಮಾತ್ರ ಎಷ್ಟು ಹುಡುಕಿದ್ರೂ ಸಿಗಲಿಲ್ಲ ಕಣೇ. ಕೊಟ್ಟಿಗೆಗೆ ಇನ್ನು ನನ್ನನ್ನ ಬಿಡೋಲ್ಲ."

ಹಿಂದಿನವರು ಹತ್ತಬೇಕಿತ್ತು. ನಾನು ಹತ್ತಿದೆ. ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಚೀಲ, ಚೀಲದ ಮೇಲೆ ಹ್ಯಾಂಡ್‌ಬ್ಯಾಗು ಇಟ್ಟುಕೊಂಡು ಹೊರಗೆ ನೋಡಿದೆ. ರೈಲು ಅಲುಗಿದಾಗ ಬ್ಯಾಗಿನೊಳಗಿನ ಮುಚ್ಚಳ ಡಬ್ಬಿಗೆ ತಾಗಿ ಸಣ್ಣದಾಗಿ ಟಕ್ ಎಂದಿತು. ನಲಿನಿ ಎರಡೂ ಕೈ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದಳು. ನನ್ನ ಕಿಟಕಿ ಅವಳ ಮುಂದೆ ಹಾದುಹೋಗುವಾಗ ಒಂದು ಕೈ ತೆಗೆದು, ಎರಡು ಬೆರಳು ಎತ್ತಿದಳು.